ಡಾಂಬರಮ್ಮನ ಕಣ್ಣು

ಬೆಳಗಿನಿಂದ ಸಪ್ತೊನೊ ಮೂರು ಸಲ ಕುಂಚ ತೊಳೆದಿದ್ದ. ಒಂದು ಸಲವೂ ಅದನ್ನು ಬಣ್ಣಕ್ಕೆ ಅದ್ದಿರಲಿಲ್ಲ. ಎದುರಿಗೆ ಗೋಡೆ ತುಂಬ ನಿಂತ ಕ್ಯಾನ್ವಾಸಿನ ಮೇಲೆ ಡಾಂಬರಮ್ಮ ಪೂರ್ತಿಯಾಗಿದ್ದಳು, ಕಣ್ಣೆರಡು ಬಿಟ್ಟು. ಕರೆಂಟು ತಂತಿಯ ಕೂದಲು, ಕೊರಳಲ್ಲಿ ಒಡೆದ ಹೆಲ್ಮೆಟ್ಟುಗಳ ಸರ, ಮೊಣಕೈವರೆಗೆ ಮೆತ್ತಿದ ಡಾಂಬರು, ಸೊಂಟಕ್ಕೆ ಕಂದು ಬಣ್ಣದ ಬಾತಿಕ್ ಬಟ್ಟೆ. ತೆರೆದ ಬಾಯಿಂದ ನಾಲಿಗೆಯಾಗಿ ಹೊರಟ ಕಪ್ಪು ರಸ್ತೆ ಘಟ್ಟ ಇಳಿದು, ತಿರುವು ತಿರುವಾಗಿ ಚಿತ್ರದ ಕೆಳಗಿನ ಅಂಚಿಗೆ ಬಂದು, ಇನ್ನೇನು ನೋಡುವವನ ಕಾಲಬುಡಕ್ಕೆ ಹರಿಯುವಂತಿತ್ತು. ಅದರ ಮೇಲೆ ಅಕ್ಕಿಕಾಳಿನಷ್ಟು ಬೈಕುಗಳು, ಎಲ್ಲವೂ ಬಾಯಿಯ ಕಡೆಗೇ ಓಡುವಂಥವು. ಇಷ್ಟೆಲ್ಲ ಮಾಡಿದ ಕೈಗೆ ಎರಡು ಕಣ್ಣು ಬರುತ್ತಿಲ್ಲವಲ್ಲ! ಬರೆದ, ಕೆರೆದ, ಬರೆದ, ಕೆರೆದ. ನಾಲ್ಕು ತಿಂಗಳಲ್ಲಿ ಆ ಜಾಗದ ಬಟ್ಟೆ ಸವೆದು ತೆಳ್ಳಗಾಗಿತ್ತು. ಅಪ್ಪ ತೊಗಲುಗೊಂಬೆ ಕೆತ್ತುವವನು. ಎಮ್ಮೆತೊಗಲಿನ ಮೇಲೆ ಕಿರೀಟ, ತೋಳು, ಬಟ್ಟೆಯ ಚಿತ್ತಾರ ಎಲ್ಲ ಮುಗಿಸಿ ಕೊನೆಗೆ ಮುಖಕ್ಕೆ ಉಳಿ ಇಡುತ್ತಿದ್ದ. ಮುಖ ತೆರೆಯುವುದು ಅನ್ನುತ್ತಿದ್ದರು ಅದಕ್ಕೆ. ಆ ದಿನ ಅಪ್ಪನಿಗೆ ಉಪವಾಸ, ಮಾತೂ ಇಲ್ಲ, ಅಮ್ಮನ ಮೇಲೆ ರೇಗುವುದೂ ಇಲ್ಲ. ಸಾಧುಗಳಿಗೆ ಭತ್ತದ ಕಾಳಿನ ಹಾಗೆ ಸಣ್ಣ ಕಣ್ಣು, ರಾಕ್ಷಸರಿಗೆ ಗುಂಡು ಕಣ್ಣು. ಅಪ್ಪನ ಕಾಲಕ್ಕೆ ಎಲ್ಲ ಮೊದಲೇ ತೀರ್ಮಾನವಾಗಿತ್ತು, ಪುಣ್ಯವಂತ. ಮಗನನ್ನು ತಿನ್ನುವ ತಾಯಿಗೆ ಎಂಥ ಕಣ್ಣು ಎಂದು ಕೇಳೋಣವೆಂದರೆ ಅಪ್ಪ ಸತ್ತು ಹನ್ನೊಂದು ವರ್ಷವಾಗಿದೆ. ಬದುಕಿದ್ದಿದ್ದರೂ ಕಪಾಳಕ್ಕೆ ಬಾರಿಸುತ್ತಿದ್ದನೇ ಹೊರತು ಉತ್ತರ ಹೇಳುತ್ತಿರಲಿಲ್ಲ.

ಫೋನು ಬಡಿದುಕೊಂಡಿತು. ಜಕಾರ್ತಾದ ಹೆರ್ಲಿನಾ, ಅವನ ಚಿತ್ರಗಳನ್ನು ದೊಡ್ಡವರ ಗೋಡೆಗೆ ಹತ್ತಿಸುವವಳು. "ಏನಪ್ಪಾ ದೊಡ್ಡ ಮನುಷ್ಯ, ಆಯ್ತಾ? ನಾಳೆ ಬೆಳಿಗ್ಗೆ ಲಾರಿ ಬರುತ್ತೆ. ಹಸಿ ಇದ್ರೂ ಪರವಾಗಿಲ್ಲ, ಮುಖಕ್ಕೆ ಏನೂ ತಾಗದ ಹಾಗೆ ಪೆಟ್ಟಿಗೆ ಮಾಡಿಸಿದ್ದೀನಿ." ಕಣ್ಣೊಂದು ಬಾಕಿ ಇದೆ ಅಕ್ಕಾ, ಎಂದ. "ನೀನು ಕಳಿಸಿದ ಫೋಟೋ ನೋಡ್ದೆ. ಬಾಯಿ ತಿಂತಾ ಇದೆ, ಒಪ್ಪಿದೆ. ಆದ್ರೆ ಕಣ್ಣು? ಯಾವುದೋ ಬ್ಯಾಂಕಿನ ಕೌಂಟರಲ್ಲಿ ಕೂತವಳ ಹಾಗಿದೆಯಲ್ಲೋ. ಹಸಿವಿಲ್ಲ ಅದರಲ್ಲಿ. ಬಗ್ಯೊ ಇದ್ದಿದ್ರೆ..." ಎಂದು ಅಲ್ಲಿಗೆ ನಿಲ್ಲಿಸಿದಳು. ಬೇಕೆಂದೇ ನಿಲ್ಲಿಸಿದ್ದಳು, ಹಾಳಾದವಳು. ಬಗ್ಯೊ ಇದ್ದಿದ್ದರೆ ಏನು? ಬಗ್ಯೊ ಇದ್ದಿದ್ದರೆ ಡಾಂಬರಮ್ಮನೇ ಇರುತ್ತಿರಲಿಲ್ಲ. ಕಲಾಶಾಲೆಯಿಂದ ಹೊರಬಿದ್ದ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ, ಒಂದೇ ಚಾಪೆಯಲ್ಲಿ ಮಲಗುತ್ತಿದ್ದಾಗ ಬಗ್ಯೊ ಸೂರು ನೋಡುತ್ತ ಹೇಳಿದ್ದ: "ಹಳೇ ದೇವರುಗಳಿಗೆ ನಮ್ಮ ಅಡ್ರೆಸ್ಸೇ ಗೊತ್ತಿಲ್ಲ ಕಣೋ. ಹೊಸಬರನ್ನ ನಾವೇ ಹುಟ್ಟಿಸಬೇಕು. ಸಿಗ್ನಲ್ಲಿಗೊಬ್ಬ ದೇವರು, ಎಟಿಎಮ್ಮಿಗೊಬ್ಬ, ರಸ್ತೆಗೊಬ್ಬ ತಾಯಿ." ಬಗ್ಯೊನ ಸಿಗ್ನಲ್ ದೇವರಿಗೆ ಮೂರು ಕಣ್ಣು, ಒಂದೊಂದು ಬಣ್ಣದ್ದು. ಆಗ ನಕ್ಕಿದ್ದ ಸಪ್ತೊನೊ ಆಮೇಲೆ ನಗಲಿಲ್ಲ. ಪತ್ರಿಕೆಯವರು 'ಈ ಕಾಲದ ಪುರಾಣ ಬರೆಯುತ್ತಿರುವ ಕಲಾವಿದ' ಎಂದು ಬಿರುದು ಕೊಟ್ಟಾಗ ವಿನಯದಿಂದ ತಲೆಯಾಡಿಸಿದ. ಬಗ್ಯೊನ ಹೆಸರು ಹೇಳಲು ಬಾಯಿ ತೆರೆದಿದ್ದ, ನಿಜ. ಅಷ್ಟರಲ್ಲಿ ಅವರು ಮುಂದಿನ ಪ್ರಶ್ನೆ ಕೇಳಿಬಿಟ್ಟರು.

ಹೊರಗೆ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದು. ಆ ಸದ್ದು ಅವನಿಗೆ ಗೊತ್ತು. ಸ್ಟ್ಯಾಂಡಿನ ಸ್ಪ್ರಿಂಗು ಹೋಗಿ ವರ್ಷಗಳಾದರೂ ಬದಲಾಯಿಸದೆ ಕಾಲಿನಿಂದ ಎರಡು ಸಲ ಒದೆಯುವವರು ಊರಲ್ಲಿ ಒಬ್ಬರೇ. ಮೂಲೆಯಲ್ಲಿದ್ದ ಹೊದಿಕೆ ಎಳೆದು ಕ್ಯಾನ್ವಾಸಿನ ಮೇಲೆ ಎಸೆದ. ಗಡಿಬಿಡಿಗೆ ಅದು ಓರೆಯಾಗಿ ಕೂತು ಮುಖ ಮುಚ್ಚಿತು. ಸೊಂಟದ ಬಾತಿಕ್ ಬಟ್ಟೆ, ಅದೇ ಕಂದು, ಅದೇ ಬಳ್ಳಿಯ ಚಿತ್ತಾರ, ಹಾಗೇ ಕಾಣುತ್ತ ಉಳಿಯಿತು.

"ಇದ್ದೀಯೇನೋ ಸಪ್ತೊ?"

"ಬನ್ನಿ ದೊಡ್ಡಮ್ಮ, ಬನ್ನಿ."

ಬಗ್ಯೊನ ತಾಯಿ ಪೊನಿಯೆಮ್ ರಬ್ಬರ್ ಚಪ್ಪಲಿಗಳನ್ನು ಬಾಗಿಲಲ್ಲಿ ಜೋಡಿಸಿಟ್ಟು, ಸೊಂಟ ಬಗ್ಗಿಸಿ ಒಳಗೆ ಬಂದಳು. ಉಟ್ಟಿದ್ದು ಅದೇ ಕಂದು ಬಟ್ಟೆ. ಅವನು ಕುರ್ಚಿ ಎಳೆದ. "ಬೇಡಪ್ಪ, ಮೈಯೆಲ್ಲ ಬೆಲ್ಲದ ಪಾಕ. ನಿನ್ನ ಕುರ್ಚಿ ಅಂಟಾಗುತ್ತೆ," ಎಂದು ನೆಲಕ್ಕೇ ಕೂತಳು. ದೊಡ್ಡವರು ನೆಲದ ಮೇಲಿರುವಾಗ ತಾನು ಕುರ್ಚಿಯಲ್ಲಿ ಕೂರುವಂತಿಲ್ಲ. ಅವನೂ ಕೂತ, ಚಿತ್ರಕ್ಕೆ ಬೆನ್ನು ಅಡ್ಡ ಬರುವಂತೆ. ಅವಳು ಆ ಕಡೆ ನೋಡಲೇ ಇಲ್ಲ. ಎಳೆಹಲಸನ್ನು ತೆಂಗಿನ ಹಾಲು, ತಾಳೆಬೆಲ್ಲ ಹಾಕಿ ಒಂದಿಡೀ ದಿನ ಬೇಯಿಸುವ ಗುದೆಗ್ ಅವಳ ಕೈಯದ್ದು ಎಂದರೆ ಊರಿನ ದಕ್ಷಿಣದ ಬಡಾವಣೆಗಳಿಗೆಲ್ಲ ಗೊತ್ತಿತ್ತು. ಆ ಪರಿಮಳ ಅವಳ ಜೊತೆಗೇ ಕೋಣೆಗೆ ಬಂದು ಟರ್ಪೆಂಟೈನಿನ ಮೇಲೆ ಕೂತಿತು. ಓದುವ ಕಾಲದಲ್ಲಿ ಇಬ್ಬರಿಗೂ ಎರಡು ಹೊತ್ತು ಬಡಿಸಿದ್ದು ಈ ಕೈ. ಒಬ್ಬನಿಗೆ ಮೊಟ್ಟೆ ಇಟ್ಟರೆ ಇನ್ನೊಬ್ಬನಿಗೂ ಇಡುತ್ತಿದ್ದಳು. ಮೊಟ್ಟೆ ಒಂದೇ ಇದ್ದ ದಿನ ದಾರದಿಂದ ಎರಡು ಸೀಳು ಮಾಡಿ, ದೊಡ್ಡ ಸೀಳು ಸಪ್ತೊನೊಗೆ. "ನೀನು ಪರರ ಮಗ, ನಿಂಗೆ ಕಮ್ಮಿ ಮಾಡಿದ್ರೆ ದೇವರು ಮೆಚ್ಚಲ್ಲ."

"ಬಗ್ಯೊ ಹೋಗಿ ಇವತ್ತಿಗೆ ಸಾವಿರ ದಿನ ಆಯ್ತು ಕಣೋ."

"ಗೊತ್ತು ದೊಡ್ಡಮ್ಮ." ಅವನಿಗೆ ಗೊತ್ತಿರಲಿಲ್ಲ. ಮೂರನೆಯ ದಿನ, ಏಳನೆಯದು, ನಲವತ್ತು, ನೂರು, ಎಲ್ಲ ದಿನಗಳ ಪ್ರಾರ್ಥನೆಗೂ ಹೋಗಿದ್ದ. ಮೊದಲ ವರ್ಷಕ್ಕೆ ಹೋಗಲಾಗಲಿಲ್ಲ, ಪ್ರದರ್ಶನ ಇತ್ತು. ಸಾವಿರದ ದಿನ ಕೊನೆಯದು. ಇವತ್ತು ಉಣ್ಣಿಸಿ ಕಳಿಸಿದರೆ ಸತ್ತವನು ತಿರುಗಿ ನೋಡದೆ ಹೋಗುತ್ತಾನೆ, ಆಮೇಲೆ ಗೋರಿಗೆ ಕಲ್ಲು ಇಡಬಹುದು. ಅಲ್ಲಿಯವರೆಗೆ ಬಗ್ಯೊ ಇಲ್ಲೇ ಎಲ್ಲೋ ಇದ್ದ ಅಂತಾಯಿತು. ಈ ಕೋಣೆಯಲ್ಲೂ ಇದ್ದಿರಬಹುದು, ಕಣ್ಣು ಕೆರೆಯುವುದನ್ನು ನೋಡಿ ನಗುತ್ತ.

"ನಾಲ್ಕು ಗಂಟೆಗೆ. ಇಳಿಹೊತ್ತಿನ ಅಸರ್ ನಮಾಜ್ ಮುಗಿಸ್ಕೊಂಡು ಡಾಲಿಮಾನ್ ಹಿರಿಯರು ಬರ್ತಾರೆ. ಮೂವತ್ತು ಪೊಟ್ಟಣ ಕಟ್ಟಿದ್ದೀನಿ. ಬರ್ತಾರೋ ಇಲ್ವೋ."

"ಬರದೇ ಏನು ದೊಡ್ಡಮ್ಮ? ಎಲ್ರೂ ಬರ್ತಾರೆ."

"ನಿಂಗೆ ಗೊತ್ತಿಲ್ದೇ ಇರೋದೇನಿದೆ ಇದರಲ್ಲಿ?" ಎಂದಳು. ಬೈಗುಳವಲ್ಲ, ಸುಮ್ಮನೆ ಹೇಳಿದಳು. ಗೊತ್ತಿತ್ತು. ಡಾಂಬರಮ್ಮನ ಮೊದಲ ಚಿತ್ರ ಪತ್ರಿಕೆಯಲ್ಲಿ ಅಚ್ಚಾದಾಗ ಪೊನಿಯೆಮ್ ಅದನ್ನು ಕತ್ತರಿಸಿ ಅಂಗಡಿಯ ಬಿದಿರು ಗೋಡೆಗೆ ಅಂಟಿಸಿದ್ದಳು, ನಿಧಾನವಾಗಿ, ಅನ್ನದ ಗಂಜಿ ಹಚ್ಚಿ. "ನೋಡಿ, ಸಪ್ತೊ ನನ್ನ ಮುಖ ಬರೆದಿದ್ದಾನೆ, ನನ್ನ ಬಗ್ಯೊನ ನೆನಪಿಗೆ." ಹೆಮ್ಮೆ! ಜನ ಗುದೆಗ್ ಉಣ್ಣುತ್ತ ಆ ಚಿತ್ರ ನೋಡಿದರು, ಅವಳ ಮುಖ ನೋಡಿದರು, ಅಂಗಡಿಯ ನೂಕುನುಗ್ಗಲು ನೋಡಿದರು. ಮಗ ಸತ್ತ ಮೇಲೆ ಮರುಕಕ್ಕೆ ಬಂದ ಗಿರಾಕಿಗಳು ಅವರು, ಅವರೇ ಲೆಕ್ಕ ಹಾಕಿದರು. ಐಶ್ವರ್ಯಕ್ಕಾಗಿ ಪಿಶಾಚಿಗೆ ಹೆತ್ತ ಕುಡಿಯನ್ನೇ ಬಲಿ ಕೊಡುವವರ ಕಥೆ ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ದಿಢೀರನೆ ಮನೆ ಕಟ್ಟಿದವರ ಮನೆಯಲ್ಲೊಂದು ಮಗು ಸತ್ತರೆ ಊರು ತಲೆ ಅಲ್ಲಾಡಿಸುತ್ತದೆ. ಪೊನಿಯೆಮ್ ಮನೆಯನ್ನೇನೂ ಕಟ್ಟಲಿಲ್ಲ, ಅಂಗಡಿಗೊಂದು ತಗಡಿನ ಮಾಡು ಹಾಕಿಸಿದ್ದಳು. ಅಷ್ಟು ಸಾಕಾಯಿತು. ಅಷ್ಟರಲ್ಲಿ ಲಾರಿಗಳ ಬೆನ್ನಿಗೆ ಚಿತ್ರ ಬರೆಯುವವರು ಡಾಂಬರಮ್ಮನನ್ನು ಎತ್ತಿಕೊಂಡರು. ಬಗ್ಯೊ ಸತ್ತ ಘಟ್ಟದ ತಿರುವಿನಲ್ಲಿ ಚಾಲಕರು ಹೂವು, ಕಪ್ಪು ಕಾಫಿ, ಹಚ್ಚಿದ ಸಿಗರೇಟು ಇಡತೊಡಗಿದರು. ಅವಳ ಮುಖ ಜಾವಾದ ಹೆದ್ದಾರಿಗಳಲ್ಲೆಲ್ಲ ಓಡಾಡಿತು, ಸಿಮೆಂಟು ಹೊತ್ತುಕೊಂಡು, ಮರಳು ಹೊತ್ತುಕೊಂಡು.

"ಮೊನ್ನೆ ಒಬ್ಬಳು ಬಾಯಿಗಿಟ್ಟ ತುತ್ತು ಉಗಿದಳು ಕಣೋ, ನನ್ನೆದುರಿಗೇ. ಇದು ಹಲಸೋ ಮತ್ತೇನೋ ಅಂದ್ಲು. ಎದುರು ಮನೆಯವಳು ಮೊಮ್ಮಗೂನ ನನ್ನ ನೆರಳಿಗೆ ಬಿಡಲ್ಲ. ಪೇಪರಿನ ಚೂರು ಕಿತ್ತು ಹಾಕ್ದೆ. ಮುಖ ಎಲ್ಲಿ ಕಿತ್ತು ಹಾಕ್ಲಿ?"

ಬಂತು, ಅಂದುಕೊಂಡ. ಮುಖ ಅಳಿಸು ಅನ್ನುತ್ತಾಳೆ. ಅದಕ್ಕೆ ಅವನ ಬಳಿ ಉತ್ತರ ಸಿದ್ಧವಿತ್ತು, ಬಹಳ ದಿನಗಳಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ ಉತ್ತರ: ಅದು ನೀವಲ್ಲ ದೊಡ್ಡಮ್ಮ, ಅದು ಭೂಮಿ, ಅದು ಈ ಕಾಲ. ಸಿಂಗಪುರದಲ್ಲಿ ಇದೇ ಮಾತಿಗೆ ಚಪ್ಪಾಳೆ ಬಿದ್ದಿತ್ತು. ಮಣ್ಣಿಗಿಡುವ ದಿನ ಅವಳು ಅಳದೆ, ಬಾಯಿ ತೆರೆದುಕೊಂಡು, ಗುಂಡಿಯ ಅಂಚಿನಲ್ಲಿ ನಿಂತಿದ್ದಳಲ್ಲ, ಆವತ್ತೇ ಅವನು ಕೋಣೆಗೆ ಬಂದು ಹುಬ್ಬಿನ ಮೇಲಿನ ಹೊಲಿಗೆ ನೋಯುತ್ತಿದ್ದರೂ ಕಾಗದದ ಮೇಲೆ ಆ ಬಾಯಿ ಇಳಿಸಿದ್ದ. ಬಗ್ಯೊ ಸತ್ತ ಆ ಅಪಘಾತದಲ್ಲಿ ಮೂರು ಹೊಲಿಗೆ, ಅಷ್ಟೇ ಅವನಿಗಾದದ್ದು. ಆ ಬಾಯಿ ಒಂದು ಗೆರೆಯಲ್ಲಿ ಬಂದಿತ್ತು. ಬಂದಾಗ ಆದ ಸಂತೋಷ ಎಂಥದ್ದು! ಬಗ್ಯೊಗೆ ತೋರಿಸಬೇಕು ಎಂದು ಎದ್ದೂ ನಿಂತಿದ್ದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂತಾರಲ್ಲ, ಅವನು ತಳ್ಳಿದ್ದೂ ಅಲ್ಲದೆ ಬಾವಿಯ ಅಂಚಿನಲ್ಲಿ ಕೂತು ಚಿತ್ರ ಬರೆದಿದ್ದ.

ಆದರೆ ಅವಳು ಕೇಳಿದ್ದು ಬೇರೆ. ಮೊದಲು ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಕೇಳಿದಳು. "ಒಂದು ನಿಜ ಹೇಳು ಮಗ. ಅವತ್ತು ಘಟ್ಟದಲ್ಲಿ ಹೆಂಗಸೊಬ್ಬಳು ಅಡ್ಡ ನಿಂತಿದ್ದಳು ಅಂದ್ಯಲ್ಲ. ಅವಳು... ನನ್ನ ಹಾಗೇ ಇದ್ಲಾ?"

ಅವನು ಬೆನ್ನನ್ನು ಚಿತ್ರಕ್ಕೆ ಇನ್ನಷ್ಟು ಅಡ್ಡ ಸರಿಸಿದ.

"ಅವತ್ತು ಬೆಳಿಗ್ಗೆ ಅವನ ಜೊತೆ ಜಗಳ ಆಡಿದ್ದೆ. ಸಣ್ಣದಕ್ಕೆ. ಗಡಿಗೆ ತೊಳಿ ಅಂದೆ, ಪ್ರದರ್ಶನಕ್ಕೆ ಹೊತ್ತಾಯ್ತು ಅಂತ ಹೊರಟ. ಬರೀ ರಸ್ತೆ ಅಳಿತೀಯಲ್ಲ, ಆ ರಸ್ತೆನೇ ನಿನ್ನ ನುಂಗ್ಲಿ ಅಂದುಬಿಟ್ಟೆ. ಈ ಬಾಯಲ್ಲೇ." ಅವಳು ಎರಡು ಬೆರಳಿನಿಂದ ತುಟಿ ಹಿಡಿದು ಹಿಂಡಿದಳು. "ಸಂಜೆ ಒಲೆ ಮುಂದೆ ಕೂತವಳಿಗೆ ಜೊಂಪು ಹತ್ತಿಬಿಡ್ತು. ಮುಸ್ಸಂಜೇಲಿ ಮಲಗಬಾರದು, ಜೀವ ಅಡ್ಡಾಡೋಕೆ ಹೋಗುತ್ತೆ ಅಂತ ನನ್ನಮ್ಮ ಬಡ್ಕೋತಿದ್ಲು. ಮಲಗಿದೆ. ಕನಸಲ್ಲಿ ಬರಿಗಾಲಲ್ಲಿ ನಿಂತಿದ್ದೆ ಕಣೋ, ಕಾಲಡಿ ಬಿಸಿ ಬಿಸಿ ಇತ್ತು. ಎದ್ದಾಗ ಪೊಲೀಸಿನವರು ಬಂದಿದ್ರು. ಯಾರಿಗೂ ಹೇಳಿಲ್ಲ. ಆಮೇಲೆ ನೀನು ಬರೆದೆ, ನನ್ನ ಮುಖಾನೇ ಬರೆದೆ. ಯಾಕೆ ಬರೆದೆ ಅಂತ ಈ ಸಾವಿರ ದಿನ ಯೋಚ್ನೆ ಮಾಡಿದ್ದೀನಿ. ಊರವರ ಮಾತು ಬಿಡು, ಊರ ಬಾಯಿಗೆ ಮುಚ್ಚಳ ಇಲ್ಲ. ನೀನು ನೋಡಿದವನು. ಇಲ್ಲ ಅಂತ ನಿನ್ನ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು, ಇವತ್ತು ಅವನನ್ನ ನೆಮ್ಮದಿಯಾಗಿ ಕಳಿಸ್ತೀನಿ."

ಯಾರೂ ಇರಲಿಲ್ಲ ದೊಡ್ಡಮ್ಮ. ಮೂರು ಪದವೂ ಬೇಕಿಲ್ಲ. ಯಾರೂ ಇರಲಿಲ್ಲ. ಘಟ್ಟದ ಮೇಲಿನ ವೊನೊಸಾರಿಯಿಂದ ಇಳಿಯುವಾಗ ಬೈಕು ಅವನ ಕೈಯಲ್ಲಿತ್ತು, ಬಗ್ಯೊ ಹಿಂದೆ ಕೂತು ಏನೋ ಹಾಡು ಗುನುಗುತ್ತಿದ್ದ. ಜೇಬಿನಲ್ಲಿ ಫೋನು ನಡುಗಿತು. ಇಬ್ಬರೂ ಚಿತ್ರ ಕಳಿಸಿದ್ದ ಸ್ಪರ್ಧೆಯ ಆಯ್ಕೆಪಟ್ಟಿ ಬಂದಿರಬೇಕು. ಒಂದು ಕೈ ಬಿಟ್ಟು ತೆಗೆದ. ಹೆಬ್ಬೆರಳಿಂದ ಪಟ್ಟಿ ಜಾರಿಸಿದ, ತನ್ನ ಹೆಸರು ಹುಡುಕುತ್ತ. 'ಬ' ಮೊದಲು ಬಂತು. ಬಗ್ಯೊನ ಹೆಸರಿತ್ತು. ಇನ್ನೂ ಜಾರಿಸಿದ. 'ಸ' ಬಂತು, ಹೋಯಿತು. ಕಣ್ಣು ತಪ್ಪಿರಬೇಕೆಂದು ಮತ್ತೆ ಮೇಲಕ್ಕೆಳೆದ. ಅವನ ಹೆಸರು ಇರಲಿಲ್ಲ. ಹಿಂದೆ ಕೂತವನ ಹಾಡು ಕೇಳಿಸುತ್ತಲೇ ಇತ್ತು, ಅವನಿಗಿನ್ನೂ ಗೊತ್ತಿಲ್ಲ, ಗೊತ್ತಾದರೆ ಹೇಗೆ ಕುಣಿಯುತ್ತಾನೆ ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದ ಆ ಗಳಿಗೆಯಲ್ಲೇ ತಿರುವು, ತಿರುವಿನಲ್ಲಿ ಕಲ್ಲು ತುಂಬಿದ ಲಾರಿ. ರಸ್ತೆಯಲ್ಲಿ ಹೆಂಗಸು ಎಲ್ಲಿ ಬಂದಳು? ಆಸ್ಪತ್ರೆಯಲ್ಲಿ ಪೊಲೀಸಿನವನು ಪುಸ್ತಕ ಬಿಚ್ಚಿ ಏನಾಯ್ತಪ್ಪ ಎಂದಾಗ ಬಾಯಿ ತಾನಾಗಿ ಹೇಳಿತು: ಯಾರೋ ಹೆಂಗಸು ಅಡ್ಡ ಬಂದಳು ಸಾರ್. ಪೊಲೀಸಿನವನು ಪೆನ್ನು ನಿಲ್ಲಿಸಿ, ಆ ತಿರುವಿನಲ್ಲಾ, ಎಂದು ತಾನೇ ಹೆದರಿದ. ಡಾಂಬರಮ್ಮ ಹುಟ್ಟಿದ್ದು ಅಲ್ಲಿ, ಆ ಸರ್ಕಾರಿ ಪುಸ್ತಕದ ಗೀಟು ಹಾಕಿದ ಹಾಳೆಯಲ್ಲಿ.

"ಹೇಳು ಮಗ."

ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಅವನು ನಿಜಕ್ಕೂ ಅಂದುಕೊಂಡ. ಹೇಳಿದರೆ ಏನಾಗುತ್ತದೆ? ಅವಳು ಎದ್ದು ಬೀದಿಗೆ ಹೋಗುತ್ತಾಳೆ. ನಾಳೆ ಲಾರಿ ಬರುತ್ತದೆ, ಫೋನು ನೋಡುತ್ತ ಗೆಳೆಯನನ್ನು ಕೊಂದವನ ಚಿತ್ರವನ್ನು ಯಾರು ಗೋಡೆಗೆ ಹಾಕುತ್ತಾರೆ? ಹಾಕದೆ ಏನು, ಇನ್ನೂ ಹೆಚ್ಚು ಬೆಲೆಗೆ ಹಾಕುತ್ತಾರೆ, ಹೆರ್ಲಿನಾ ಅದನ್ನೂ ಮಾರುತ್ತಾಳೆ. ಅದಲ್ಲ ಅವನಿಗೆ ತಡೆದದ್ದು. ಆ ಹೆಸರಿನ ಪಟ್ಟಿ. ತನ್ನ ಹೆಸರಿಲ್ಲದ ಪಟ್ಟಿಯ ವಿಷಯ ಈ ಹೆಂಗಸಿಗೆ, ಬಗ್ಯೊನ ತಾಯಿಗೆ, ತನ್ನ ಬಾಯಿಂದ ಹೇಳಬೇಕಲ್ಲ. ನಾಚಿಕೆ ಅಷ್ಟು ಸಣ್ಣದಕ್ಕಿತ್ತು.

"ಕತ್ತಲಾಗ್ತಿತ್ತು ದೊಡ್ಡಮ್ಮ," ಎಂದ. "ಮುಖ ಸರಿಯಾಗಿ ಕಾಣಲಿಲ್ಲ."

ಅವಳು ಅವನನ್ನೇ ನೋಡಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಳರೆಪ್ಪೆ ಮೊದಲು ಸಡಿಲವಾಯಿತು. ಮೇಲಿನದು ಬೀಳಲಿಲ್ಲ, ಇನ್ನೂ ಸ್ವಲ್ಪ ಮೇಲೆ ಹೋಯಿತು. ಕರಿಗುಡ್ಡೆಯ ಸುತ್ತ ಬಿಳಿ ಕಾಣಿಸಿಕೊಂಡಿತು, ಹಳದಿ ಬೆರೆತ ಬಿಳಿ. ಆ ನೋಟ ಅವನ ಮೇಲಿರಲಿಲ್ಲ, ಒಳಗೆ ತಿರುಗಿ ತನ್ನದೇ ಕರುಳನ್ನು ನೋಡುವಂತಿತ್ತು, ಅಲ್ಲಿ ಏನೋ ಇನ್ನೂ ಜೀರ್ಣವಾಗದೆ ಉಳಿದಿದೆಯೇನೋ ಅನ್ನುವಂತೆ. ಇದೇ, ಅಂದುಕೊಂಡ ಸಪ್ತೊನೊ. ಅಯ್ಯೋ ದೇವರೇ, ಇದೇ. ಗುಂಡೂ ಅಲ್ಲ, ಭತ್ತದ ಕಾಳೂ ಅಲ್ಲ. ಬಲಗೈ ತೊಡೆಯ ಮೇಲೆ ತಾನಾಗಿ ಚಲಿಸಿತು, ಬೆರಳು ಪ್ಯಾಂಟಿನ ಬಟ್ಟೆಯ ಮೇಲೆ ಒಂದು ಕಮಾನು ಎಳೆಯಿತು, ಇನ್ನೊಂದು ಎಳೆಯಿತು. ಅವನು ಅದನ್ನು ತಡೆಯಲಿಲ್ಲ.

"ಇಲ್ಲ ಅನ್ನೋಕೆ ನಿಂಗೆ ಆಗ್ಲಿಲ್ಲ," ಎಂದಳು ಪೊನಿಯೆಮ್. "ಹಾಗಾದ್ರೆ ನಾನೇ."

"ಹಾಗಲ್ಲ ದೊಡ್ಡಮ್ಮ..."

"ಇರ್ಲಿ ಬಿಡಪ್ಪ." ನೆಲಕ್ಕೆ ಕೈಯೂರಿ ಎದ್ದಳು. ಚಪ್ಪಲಿ ಮೆಟ್ಟುವಾಗ ಎಡಗಾಲಿನದು ಬಲಗಾಲಿಗೆ ಹೋಯಿತು, ಬದಲಾಯಿಸಿಕೊಂಡಳು. "ನಾಲ್ಕಕ್ಕೆ ಬಾ. ಯಾರೂ ಬರದಿದ್ರೂ ನೀನಾದ್ರೂ ಬಾ." ಸೈಕಲ್ಲಿನ ಸದ್ದು ಗಲ್ಲಿ ದಾಟುವವರೆಗೂ ಅವನು ಕಾಯಲಿಲ್ಲ. ಹೊದಿಕೆ ಎಳೆದು ಬಿಸಾಡಿದ.

ಅಪ್ಪನ ಹಾಗೆ ಉಪವಾಸವೇನೂ ಅವನು ಹೊತ್ತಿರಲಿಲ್ಲ, ಬೆಳಗಿನಿಂದ ಉಂಡಿರಲಿಲ್ಲ ಅಷ್ಟೆ. ಕೆಳರೆಪ್ಪೆ ಮೊದಲು. ಅದರ ಅಡಿಯಲ್ಲಿ ಇಟ್ಟಿಗೆ ಪುಡಿಯ ಬಣ್ಣ, ಅಳು ಬಾರದ ಕಣ್ಣಿಗೆ ಬರುವ ಕೆಂಪು. ಹಳದಿ ಬಿಳಿ. ನಾಲ್ಕು ತಿಂಗಳಿಂದ ಬಾರದ್ದು ಈಗ ತಾನೇ ಓಡಿ ಬರುತ್ತಿತ್ತು, ಹಾಲು ಕರೆಯುವ ಹೊತ್ತಿಗೆ ಹಸು ಬಂದ ಹಾಗೆ. ಕೆಲಸ ಮಾಡುತ್ತ ಅವನು ಹಾಡು ಗುನುಗುತ್ತಿದ್ದ. ಯಾವ ಹಾಡೆಂದು ಗೊತ್ತಾದಾಗ ನಿಲ್ಲಿಸಿದ, ಆಮೇಲೆ ಮರೆತು ಮತ್ತೆ ಗುನುಗಿದ. ಅಸರ್ ಬಾಂಗು ಕೇಳಿಸಿತು. ಇನ್ನು ಬಲಗಣ್ಣಿನ ಮಿಂಚೊಂದು ಬಾಕಿ ಇತ್ತು. ಅದನ್ನು ಇಟ್ಟ, ತೆಗೆದ, ಮತ್ತೆ ಇಟ್ಟ. ಹಿಂದೆ ಸರಿದು ನೋಡಿದ. ಡಾಂಬರಮ್ಮ ಈಗ ಹಸಿದಿದ್ದಳು. ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು.

ಪೊನಿಯೆಮ್ ಮನೆಯ ಅಂಗಳದಲ್ಲಿ ಮೂವತ್ತು ಜನರಿಗೆ ಚಾಪೆ ಹಾಸಿತ್ತು, ಐದು ಜನ ಕೂತಿದ್ದರು. ಪ್ರಾರ್ಥನೆಗೆಲ್ಲ ಮುಂದೆ ಕೂರುವ ಡಾಲಿಮಾನ್ ಹಿರಿಯ, ಎರಡೂ ಕಿವಿ ಕೇಳದ ಒಬ್ಬ ಬಂಧು, ಸೈಕಲ್ ರಿಕ್ಷಾದವನು, ಬಗ್ಯೊಗೆ ಗುಂಡಿ ತೋಡಿದವನು, ಆ ದಿನ ತಾನೇ ಪರವೂರಿಂದ ಬಂದು ಏನೂ ಗೊತ್ತಿಲ್ಲದ ಒಬ್ಬ. ಐವರೂ ಒಬ್ಬರಿಂದೊಬ್ಬರು ದೂರ ದೂರ ಕೂತಿದ್ದರು, ಜಾಗ ತುಂಬಿದಂತೆ ಕಾಣಲಿ ಎಂದು ಅವಳೇ ಹಾಗೆ ಕೂರಿಸಿದ್ದಿರಬೇಕು. ಬೇಲಿಯ ಆಚೆ ಮಾತ್ರ ಜನರಿದ್ದರು, ಎದುರು ಮನೆಯ ಜಗಲಿಯಲ್ಲಿ, ಕೈಕಟ್ಟಿ. ಸಪ್ತೊನೊ ತಲೆ ತಗ್ಗಿಸಿ ಚಾಪೆಯ ತುದಿಗೆ ಕೂತ. ಪ್ರಾರ್ಥನೆ ಮುಗಿದಿತ್ತು. ಉಗುರಿನಲ್ಲಿ ಹಳದಿ ಬಿಳಿ ಉಳಿದಿತ್ತು, ಕೈಯನ್ನು ತೊಡೆಯಡಿ ಇಟ್ಟುಕೊಂಡ.

ಅಡುಗೆಮನೆಯಿಂದ ಪೊನಿಯೆಮ್ ಹೊಸ್ತಿಲಿಗೆ ಬಂದಳು. ಗಂಡಸರ ಕೂಟಕ್ಕೆ ಹೆಂಗಸರು ಹೀಗೆ ಬಂದು ನಿಲ್ಲುವುದಿಲ್ಲ. ಡಾಲಿಮಾನ್ ಹಿರಿಯ ಏನಮ್ಮ ಎಂದು ಹುಬ್ಬೇರಿಸಿದ.

"ಒಂದು ಮಾತು ಹೇಳೋದಿದೆ ಹಿರಿಯರೇ. ಬೇಲಿ ಆಚೆ ಇರೋರೂ ಕೇಳಿಸ್ಕೊಳ್ಳಿ. ನೀವು ಅಂದಿದ್ದು ಪೂರ್ತಿ ಸುಳ್ಳಲ್ಲ. ದುಡ್ಡಿಗೆ ನಾನು ನನ್ನ ಮಗನ್ನ ಕೊಡ್ಲಿಲ್ಲ, ಅದೊಂದು ಬಿಟ್ಟುಬಿಡಿ. ಆದ್ರೆ ತಿಂದವಳು ನಾನೇ. ನುಂಗ್ಲಿ ಅಂತ ಶಾಪ ಹಾಕಿದ್ದು ಈ ಬಾಯಿ. ನಿದ್ದೇಲಿ ಹೋಗಿ ರಸ್ತೇಲಿ ನಿಂತಿದ್ದು ಈ ಜೀವ. ಸಪ್ತೊ ಕಂಡಿದ್ದಾನೆ."

ಜಗಲಿಯ ಮೇಲೆ ಯಾರೋ ಉಸಿರೆಳೆದರು. ಡಾಲಿಮಾನ್ ಹಿರಿಯ ನಿಧಾನವಾಗಿ ಸಪ್ತೊನೊನ ಕಡೆ ತಿರುಗಿದ. ಆ ಮುದುಕ ದೆವ್ವ ಪಿಶಾಚಿಗಳನ್ನು ನಂಬುವವನಲ್ಲ; ಘಟ್ಟದ ತಿರುವಿನ ಹೂವು ಸಿಗರೇಟುಗಳನ್ನು ಒಮ್ಮೆ ಕಾಲಿನಿಂದ ಒದ್ದು ಚರಂಡಿಗೆ ಹಾಕಿದ್ದ. "ಏನಪ್ಪಾ? ದೇವರ ಹೆಸರು ಹೇಳಿದ ಚಾಪೆ ಮೇಲೆ ಕೂತಿದ್ದೀಯ. ಈ ಹೆಣ್ಣುಮಗಳು ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೋತಾ ಇದ್ದಾಳೆ. ನೀನು ಅವತ್ತು ಕಂಡಿದ್ದು ಏನು? ಕಂಡಿದ್ದಾದ್ರೂ ನಿಜವಾ?"

ಇದಕ್ಕಿಂತ ಸುಲಭವಾಗಿ ಯಾರೂ ಕೇಳಲಾರರು. ಯಾರೂ ಇರಲಿಲ್ಲ ಎಂಬ ಮಾತು ಗಂಟಲಿಗೆ ಬಂತು, ಹಲ್ಲಿನವರೆಗೂ ಬಂತು, ತುಟಿ ಅಗಲವಾದದ್ದು ಅವನಿಗೇ ಗೊತ್ತಾಯಿತು. ಅಷ್ಟರಲ್ಲಿ ಪೊನಿಯೆಮ್ ಹೊಸ್ತಿಲಿಳಿದು ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆನ್ನ ಮೇಲೆ ಕೈ ಇಟ್ಟಳು.

"ಅವನನ್ನ ಗದರಿಸಬೇಡಿ ಹಿರಿಯರೇ. ನನ್ನ ಮಾನ ಉಳೀಲಿ ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದ, ಪಾಪ. ಇವತ್ತೂ ಕೇಳಿದ್ರೆ ಮುಖ ಕಾಣಲಿಲ್ಲ ಅಂತ ಸುಳ್ಳು ಹೇಳ್ದ, ನನಗೋಸ್ಕರ. ಹೊಟ್ಟೇಲಿ ಇಟ್ಕೊಂಡು ಎಷ್ಟು ಬೆಂದಿದ್ದಾನೋ. ಚಿತ್ರ ಬರೆದು ಹೊರಗೆ ಹಾಕ್ದ. ಹೆತ್ತ ಮಗನೂ ಇಷ್ಟು ಮಾಡ್ತಿರಲಿಲ್ಲ. ಸಾಕು ಕಣೋ ಮಗ, ಇನ್ನು ಹೊರಬೇಡ."

ಆ ಅಂಗೈಯ ಬಿಸಿ ಅಂಗಿ ದಾಟಿ ಬೆನ್ನಿಗೆ ತಟ್ಟಿತು. ದೊಡ್ಡ ಸೀಳು ಮೊಟ್ಟೆ ಇಟ್ಟ ಕೈ. ಸಪ್ತೊನೊ ತಲೆ ಬಗ್ಗಿಸಿದ. ಐದು ಮಂದಿಯೂ, ಜಗಲಿಯ ಮೇಲಿನವರೂ ಅದನ್ನು ಹೌದು ಎಂದೇ ತಿಳಿದರು, ಅವರು ಹಾಗೆ ತಿಳಿಯಲಿ ಎಂದೇ ಅವನೂ ಬಗ್ಗಿಸಿದ್ದ. ಡಾಲಿಮಾನ್ ಹಿರಿಯ ಬಹಳ ಹೊತ್ತು ಅವನ ನೆತ್ತಿಯನ್ನೇ ನೋಡಿ, "ನಿನ್ನಿಷ್ಟ," ಎಂದು ಎದ್ದ. ಕೈಗೆ ಕೊಟ್ಟ ಪೊಟ್ಟಣವನ್ನು ಹಿರಿಯ ತೆಗೆದುಕೊಂಡ, ಹೋಗುವಾಗ ಬೇಲಿಯ ಕಂಬದ ಮೇಲೆ ಇಟ್ಟು ಹೋದ. ಉಳಿದವರು ಮುಟ್ಟಲೂ ಇಲ್ಲ. ಗುಂಡಿ ತೋಡಿದವನು ಮಾತ್ರ ಒಂದು ಗಳಿಗೆ ನಿಂತು, ಹೊಟ್ಟೆ ಸರಿಯಿಲ್ಲ ತಾಯಿ, ಎಂದ. ಜಗಲಿ ಖಾಲಿಯಾಯಿತು. ಎದುರು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಪೊನಿಯೆಮ್ ಚಾಪೆ ಸುತ್ತತೊಡಗಿದಳು. ಪಶ್ಚಿಮದ ಬಿಸಿಲು ತೆಂಗಿನ ಗರಿಗಳಡಿಯಿಂದ ನೇರ ಅವಳ ಮುಖಕ್ಕೆ ಬೀಳುತ್ತಿತ್ತು. ಉಳಿದ ಇಪ್ಪತ್ತೊಂಬತ್ತು ಪೊಟ್ಟಣಗಳ ಕಡೆ, ಕಂಬದ ಮೇಲಿದ್ದ ಒಂದರ ಕಡೆ, ಗೇಟಿನ ಕಡೆ ಅವಳು ನೋಡಿದಳು. ಅವನೂ ನೋಡಿದ. ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಎಳೆ ಮೇಲಿತ್ತು. ಬೆಳಿಗ್ಗೆ ನೆರಳಲ್ಲಿ ಅದು ಕಂಡಿರಲಿಲ್ಲ. ಅವನು ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟುಬಿಟ್ಟಿದ್ದ.

"ನೀನಾದ್ರೂ ತಗೊಂಡು ಹೋಗೋ," ಎಂದು ಪೊನಿಯೆಮ್ ಪೊಟ್ಟಣವೊಂದನ್ನು ಅವನ ಕೈಗಿಟ್ಟಳು. "ಮೊಟ್ಟೆ ಎರಡು ಇಟ್ಟಿದ್ದೀನಿ."

ಕೋಣೆಗೆ ಬಂದಾಗ ಬೆಳಕು ಇನ್ನೂ ಇತ್ತು, ಬಣ್ಣ ಇನ್ನೂ ಹಸಿಯಾಗಿತ್ತು. ಕುಂಚ ತೊಳೆಯದೆಯೇ ಎತ್ತಿಕೊಂಡು ಎಡಗಣ್ಣನ್ನು ಒಂದು ಎಳೆ ಮೇಲಕ್ಕೆ ತೆಗೆದ. ಸರಿಹೋಯಿತು. ಹೆರ್ಲಿನಾಗೆ ಫೋಟೋ ಕಳಿಸಿದ. ಆಮೇಲೆ ಚಿತ್ರದ ಬುಡದಲ್ಲಿ ಕೂತು ಪೊಟ್ಟಣ ಬಿಚ್ಚಿ, ಎರಡೂ ಮೊಟ್ಟೆ ತಿಂದ. ಬೆಳಗಿನಿಂದ ಹಸಿದಿದ್ದ.